ತುರುವೇಕೆರೆ: ದಂಡನಾಯಕ ಕಟ್ಟಿಸಿದ ಅಗ್ರಹಾರ
ಸೋಮನಾಥಪುರದ ಹೆಸರು ಕೇಳದವರಿಲ್ಲ. ಅದನ್ನು ಕಟ್ಟಿಸಿದ ಸೋಮಣ್ಣ ದಂಡನಾಯಕನದೇ ಆದ ತುರುವೇಕೆರೆಗೆ ಬರುವವರು ಮಾತ್ರ ಕಡಿಮೆ. 13ನೆಯ ಶತಮಾನದ ನಡುಭಾಗದಲ್ಲಿ ಅವನು ಇಲ್ಲಿ ಅಗ್ರಹಾರ ಸ್ಥಾಪಿಸಿ, ತನ್ನ ಒಡೆಯ ಹೊಯ್ಸಳ ಮೂರನೆಯ ನರಸಿಂಹನ ಹೆಸರಿನಲ್ಲಿ ವಿಜಯನರಸಿಂಹಪುರ ಎಂದು ಕರೆದ.

ಚೆನ್ನಕೇಶವ ಗುಡಿ ಸುಮಾರು 1263ರದು. ಸೋಮನಾಥಪುರದ ಮೂರು ಗರ್ಭಗುಡಿಗಳ ವೈಭವವನ್ನು ಇಲ್ಲಿ ಹುಡುಕಬೇಡಿ. ಇದು ಚಿಕ್ಕದು, ಗಂಭೀರವಾದದ್ದು. ಮೂಲೆ ಶಂಕರೇಶ್ವರ ಗುಡಿಯೂ ಹೊಯ್ಸಳರ ಕಾಲದ್ದೇ.

ಸಮಯ ಕಡಿಮೆಯಿದ್ದರೆ ಗಂಗಾಧರೇಶ್ವರ ಗುಡಿಯ ನಂದಿಯನ್ನಾದರೂ ನೋಡಿ. ಕರಿಕಲ್ಲಿನ ಭಾರಿ ಬಸವ; ಕೊರಳ ಸರ, ಗೆಜ್ಜೆಗಳೆಲ್ಲ ಬಿಡಿಬಿಡಿಯಾಗಿ ಕಾಣುತ್ತವೆ. ಶತಮಾನಗಳು ಕಳೆದರೂ ಮೈಯ ನುಣುಪು ಮಾಸಿಲ್ಲ.

ಅಗ್ರಹಾರದ ಕಾಲ ಮುಗಿದಿದೆ. ಈಗ ಊರನ್ನು ಸಾಕುತ್ತಿರುವುದು ಸುತ್ತಲಿನ ತೆಂಗಿನ ತೋಟಗಳು, ತಿಪಟೂರಿನ ಕೊಬ್ಬರಿ ಮಾರುಕಟ್ಟೆ.