ಗಂಧದೆಣ್ಣೆಯೂ ವಿಜ್ಞಾನಮಂದಿರವೂ

ವಿಜ್ಞಾನಮಂದಿರವೊಂದು ಸ್ಥಾಪಿತವಾದಾಗ ಅದರಿಂದ ಆ ಸೀಮೆಗೆ ಒದಗುವ ಲಾಭವನ್ನು ಕಟ್ಟಡದ ಕೂಲಿಯಿಂದಲೂ ನೌಕರರ ಸಂಬಳದಿಂದಲೂ ಗಣಿಸುವುದು ಲೋಕರೂಢಿ. ಬೆಂಗಳೂರಿನ ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತ ಬಂದ ಭಾರತೀಯ ವಿಜ್ಞಾನ ಸಂಸ್ಥೆಯ ಪೂರ್ವಚರಿತ್ರೆಯನ್ನು ಪರಿಶೀಲಿಸಿದವರಿಗಾದರೋ ಈ ಗಣನೆಯ ಅಪೂರ್ಣತೆ ಮನದಟ್ಟಾಗದಿರದು.

ಈ ಸಂಸ್ಥೆಯನ್ನು ಕಟ್ಟಬೇಕೆಂಬ ಉದ್ಯಮಿ ಜಮ್‌ಷೆಟ್‌ಜಿ ಟಾಟಾ ಅವರ ಸಂಕಲ್ಪಕ್ಕೆ ಯೋಗ್ಯವಾದ ಸ್ಥಳ ಬೆಂಗಳೂರೆಂದು ರಸಾಯನಶಾಸ್ತ್ರಜ್ಞ ಸರ್ ವಿಲಿಯಂ ರ‍್ಯಾಮ್ಸೆ ಅವರು ಅಭಿಪ್ರಾಯಪಟ್ಟ ಕಾಲದಲ್ಲಿ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರೂ ದಿವಾನ್ ಶೇಷಾದ್ರಿ ಅಯ್ಯರ್ ಅವರೂ ಅದಕ್ಕೆ ಆಶ್ರಯವಿತ್ತರು. 1907ರಲ್ಲಿ ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನು ದಾನವಿತ್ತಿತು. 1904ರಲ್ಲಿಯೇ ದಿವಂಗತರಾದ ಟಾಟಾ ಅವರಿಗೆ ಇದನ್ನು ಕಾಣುವ ಭಾಗ್ಯವಿರಲಿಲ್ಲ. 1911ರಲ್ಲಿ ಪಾಠಗಳು ಆರಂಭವಾದಾಗ ರಸಾಯನಶಾಸ್ತ್ರದೊಡನೆ ವಿದ್ಯುತ್‌ತಂತ್ರಕ್ಕೂ ಸ್ಥಾನ ದೊರೆತುದು, ಶಿವನಸಮುದ್ರದ ವಿದ್ಯುಚ್ಛಕ್ತಿ 1902ರಿಂದಲೇ ಕೋಲಾರದ ಚಿನ್ನದ ಗಣಿಗಳಿಗೆ ಹರಿಯುತ್ತಿದ್ದ ನಾಡಿಗೆ ಸರ್ವಥಾ ಉಚಿತವಾಗಿದ್ದಿತು.

ಆದರೆ ಸಂಸ್ಥೆಯ ಉಪಕಾರವನ್ನು ನಾಡು ಪ್ರತ್ಯಕ್ಷವಾಗಿ ಕಂಡುದು ಶ್ರೀಗಂಧದ ವಿಷಯದಲ್ಲಿ. ಟಿಪ್ಪುವಿನ ಕಾಲದಿಂದಲೂ ರಾಜವೃಕ್ಷವೆನಿಸಿದ್ದ ಗಂಧದ ಮರವನ್ನು ಸರ್ಕಾರ ಹರಾಜಿನಲ್ಲಿ ಮಾರುತ್ತಿತ್ತು; ಕೊರಡು ನಮ್ಮ ಕಾಡಿನದಾದರೂ ತೈಲವನ್ನು ಭಟ್ಟಿಯಿಳಿಸುವ ವಿದ್ಯೆಯೂ ಅದರ ಲಾಭದ ಬಹುಭಾಗವೂ ಜರ್ಮನಿ ಮೊದಲಾದ ಪರದೇಶಗಳ ಪಾಲಾಗಿದ್ದುವು. 1914ರ ಮಹಾಯುದ್ಧದಿಂದ ಆ ಮಾರುಕಟ್ಟೆ ಮುಚ್ಚಿ, ಸರ್ಕಾರದ ಉಗ್ರಾಣಗಳಲ್ಲಿ ಮರ ಮಾರಾಟವಾಗದೆ ಉಳಿದಾಗ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾಗಿದ್ದ ಆಲ್ಫ್ರೆಡ್ ಚಾಟರ್ಟನ್ ಅವರು ಸಂಸ್ಥೆಯ ನೆರವನ್ನು ಕೋರಿದರು. ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಅವರ ಪ್ರಯೋಗಗಳು ಫಲಿಸಿ, 1916ರಲ್ಲಿ ಬೆಂಗಳೂರಿನಲ್ಲಿಯೂ ಮರುವರ್ಷ ಮೈಸೂರಿನಲ್ಲಿಯೂ ಗಂಧದೆಣ್ಣೆಯ ಕಾರ್ಖಾನೆಗಳು ತಲೆಯೆತ್ತಿದುವು; ಆ ತೈಲದ ಬೆಂಬಲದಿಂದ 1918ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಹುಟ್ಟಿ, ಮೈಸೂರು ಸ್ಯಾಂಡಲ್ ಎಂಬ ಹೆಸರು ಮನೆಮನೆಗೂ ಮುಟ್ಟಿತು.

ಈ ಪರಂಪರೆ ಅಲ್ಲಿಗೇ ನಿಲ್ಲಲಿಲ್ಲ. 1940ರಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ಬೆಂಗಳೂರಿಗೆ ಬಂದ ಎರಡು ವರ್ಷಗಳಲ್ಲಿಯೇ ಸಂಸ್ಥೆಯಲ್ಲಿ ವಿಮಾನಶಾಸ್ತ್ರದ ವಿಭಾಗವು ಉದಯಿಸಿ, ಕಾರ್ಖಾನೆಗೂ ವಿದ್ಯಾಲಯಕ್ಕೂ ನಿಕಟವಾದ ಬಾಂಧವ್ಯ ಬೆಳೆಯಿತು.

ಇಲ್ಲಿ ಭೂಮಿಯೂ ಧನವೂ ವಿದ್ಯೆಯೂ ಒಂದೊಂದೇ ಆಗಿ ಫಲವನ್ನೀಯಲಿಲ್ಲ. ಕಾರ್ಖಾನೆ ಕಟ್ಟುವ ಸರ್ಕಾರವಿಲ್ಲದಿದ್ದರೆ ಪ್ರಯೋಗದ ಫಲ ಬರಿಯ ವರದಿಯಾಗಿ ಉಳಿಯುತ್ತಿತ್ತು. ಪ್ರಯೋಗಶಾಲೆಯಿಲ್ಲದಿದ್ದರೆ ಸರ್ಕಾರ ಗಂಧದ ಕೊರಡನ್ನೇ ಮಾರುತ್ತಿರಬೇಕಾಗಿತ್ತು. ಆದುದರಿಂದ ತಮ್ಮ ಜಿಲ್ಲೆಗೂ ಇಂಥ ವಿದ್ಯಾಮಂದಿರ ಬರಲೆಂದು ಹಾರೈಸುವವರು, ಭೂಮಿಯನ್ನು ಅಳೆಯುವುದಕ್ಕೆ ಮುಂಚೆ, ತಮ್ಮ ನೆಲದ ಯಾವ ಕಷ್ಟವನ್ನು ಅದರ ಮುಂದಿಡುವೆವೆಂದು ನಿಶ್ಚಯಿಸಿಕೊಳ್ಳಲಿ.