ಶಾಲಾ ನಾಟಕದ ಊರು ಬದಲಿಸಲು ಅನುಮತಿ: ಎಲ್ಲಿ ಬೇಡ, ಎಲ್ಲಿ ಬೇಕು

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಶಾಲಾ ವಾರ್ಷಿಕೋತ್ಸವಗಳಲ್ಲಿ ಇಂದಿಗೂ ರಂಗಕ್ಕೇರುವ ಕೃತಿ. ಸೇಡಂ ತಾಲ್ಲೂಕಿನ ಕೋಡ್ಲಾದ ಶಾಲೆಯೊಂದು ಅದನ್ನು ಆರಿಸಿಕೊಂಡಿತು ಎಂದಿಟ್ಟುಕೊಳ್ಳಿ. ಕೃತಿಯಲ್ಲಿರುವುದು ತುಂಗಾ ತೀರದ ಊರು. ಕೋಡ್ಲಾದ ಮಕ್ಕಳು ಬೆಳೆದದ್ದು ತೊಗರಿ ಹೊಲ, ಸುಣ್ಣಕಲ್ಲಿನ ಗಣಿ, ಶಹಾಬಾದ ಕಲ್ಲು ಹಾಸಿದ ಅಂಗಳ, ಸಿಮೆಂಟು ಲಾರಿಗಳ ಧೂಳು ಇವುಗಳ ನಡುವೆ. ಇಲಿಗಳ ಕಾಟವಂತೂ ಎರಡೂ ಕಡೆ ಒಂದೇ. ಬೊಮ್ಮನಹಳ್ಳಿಯನ್ನು ಕಾಗಿಣಾ ದಡಕ್ಕೆ ತಂದು, ಗೌಡನ ಮಾತನ್ನು ಸೇಡಂ ಸೀಮೆಯ ಕನ್ನಡಕ್ಕೆ ಹೊರಳಿಸುವ ಆಸೆ ಶಿಕ್ಷಕರಲ್ಲಿ ಹುಟ್ಟಿದರೆ ಆಶ್ಚರ್ಯವಿಲ್ಲ. ತಮ್ಮ ಮನೆಯ ಮಾತು ರಂಗದ ಮೇಲೂ ಸಲ್ಲುತ್ತದೆ ಎಂಬುದು ಈ ಭಾಗದ ಮಕ್ಕಳಿಗೆ ಸಣ್ಣ ಸಂಗತಿಯೇನಲ್ಲ. ಹಾಗೆ ಮಾಡಲು ಯಾರನ್ನು ಕೇಳಬೇಕು?

ಸ್ವಾರಸ್ಯವೆಂದರೆ ಈ ಕೃತಿ ಹುಟ್ಟಿದ್ದೇ ಸ್ಥಳಾಂತರದಿಂದ. ರಾಬರ್ಟ್ ಬ್ರೌನಿಂಗ್ ಕವಿಯ ಕಥನಕವನದಲ್ಲಿದ್ದ ಜರ್ಮನಿಯ ಹ್ಯಾಮೆಲಿನ್ ಪಟ್ಟಣ ಕುವೆಂಪು ಕೈಯಲ್ಲಿ ಬೊಮ್ಮನಹಳ್ಳಿಯಾಯಿತು. ಬ್ರೌನಿಂಗ್ 1889ರಲ್ಲೇ ತೀರಿಕೊಂಡಿದ್ದರು. ಕುವೆಂಪು ನಿಧನರಾದದ್ದು 1994ರಲ್ಲಿ. ಭಾರತದಲ್ಲಿ ಲೇಖಕರ ಮರಣಾನಂತರ 60 ವರ್ಷ ಕೃತಿಸ್ವಾಮ್ಯ ಉಳಿಯುವುದರಿಂದ ಅವರ ಕೃತಿಗಳಿಗೆ 2054ರ ಡಿಸೆಂಬರ್ ಅಂತ್ಯದವರೆಗೆ ರಕ್ಷಣೆಯಿದೆ.

ಕಾಯ್ದೆಯ ಒಳಗಿನ ಅಂಗಳ

1957ರ ಕೃತಿಸ್ವಾಮ್ಯ ಕಾಯ್ದೆಯ 14ನೇ ಕಲಂ, ನಾಟಕವನ್ನು ಸಾರ್ವಜನಿಕವಾಗಿ ಪ್ರದರ್ಶಿಸುವ ಹಕ್ಕನ್ನೂ ರೂಪಾಂತರಿಸುವ ಹಕ್ಕನ್ನೂ ಹಕ್ಕುದಾರರಿಗೆ ನೀಡುತ್ತದೆ. ಕೃತಿಯ ಮರುಜೋಡಣೆ ಅಥವಾ ಮಾರ್ಪಾಡು ರೂಪಾಂತರವೇ ಎಂದು ಕಾಯ್ದೆ ವಿವರಿಸಿರುವುದರಿಂದ, ಸಂಭಾಷಣೆಯಲ್ಲಿ ಊರು ಬದಲಿಸುವುದೂ ಆ ವ್ಯಾಪ್ತಿಗೆ ಬರಬಲ್ಲದು.

ಆದರೆ ಅದೇ ಕಾಯ್ದೆಯ 52ನೇ ಕಲಂ ಶಾಲೆಗಳಿಗೆ ಒಂದು ವಿನಾಯಿತಿ ನೀಡಿದೆ. ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಅಂಗವಾಗಿ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳು ನಾಟಕವಾಡಿದರೆ, ಪ್ರೇಕ್ಷಕರು ಸಿಬ್ಬಂದಿ, ವಿದ್ಯಾರ್ಥಿಗಳು, ಪಾಲಕರು ಹಾಗೂ ಸಂಸ್ಥೆಯೊಂದಿಗೆ ನೇರ ಸಂಬಂಧವುಳ್ಳವರಿಗೆ ಸೀಮಿತವಾಗಿದ್ದರೆ, ಅದು ಉಲ್ಲಂಘನೆಯಲ್ಲ. ಈ ಕಲಮಿನ ಎರಡನೆಯ ಉಪಕಲಂ ಅಷ್ಟಾಗಿ ಯಾರ ಗಮನಕ್ಕೂ ಬಂದಂತಿಲ್ಲ. ಮೂಲ ಕೃತಿಗೆ ಅನ್ವಯಿಸುವ ವಿನಾಯಿತಿಗಳು ಅದರ ಅನುವಾದ ಮತ್ತು ರೂಪಾಂತರಕ್ಕೂ ಅನ್ವಯಿಸುತ್ತವೆ ಎಂದು ಅದು ಹೇಳುತ್ತದೆ. ಅಂದರೆ ಕೋಡ್ಲಾದ ಶಾಲೆಯ ಅಂಗಳದಲ್ಲಿ, ಪಾಲಕರ ಮುಂದೆ, ಕಿಂದರಿಜೋಗಿ ಕಾಗಿಣಾ ದಡದಲ್ಲಿ ನಡೆದರೆ ಹಕ್ಕಿನ ದೃಷ್ಟಿಯಿಂದ ಅಡ್ಡಿ ಕಾಣುವುದಿಲ್ಲ. ‘ಪ್ರದರ್ಶನಕ್ಕೆ ಲೇಖಕರ ಅನುಮತಿ ಅಗತ್ಯ’ ಎಂಬ ಒಳಪುಟದ ಸಾಲನ್ನು ನೋಡಿ ಪುಸ್ತಕವನ್ನೇ ಬದಿಗಿಡುವ ಕಾರಣವಿಲ್ಲ.

ಈ ವಿನಾಯಿತಿಯ ಬಲ ಪರೀಕ್ಷೆಗೆ ಒಳಗಾದದ್ದು ಕರ್ನಾಟಕದ ಪ್ರಕರಣದಲ್ಲೇ. ಕೋಟ ಶಿವರಾಮ ಕಾರಂತರು ಯಕ್ಷಗಾನಕ್ಕೆ ಹೊಸ ರೂಪ ನೀಡಿ ಸಿದ್ಧಪಡಿಸಿದ ಏಳು ಪ್ರಸಂಗಗಳ ಹಕ್ಕು ಉಯಿಲಿನ ಮೂಲಕ ತಮ್ಮದೆಂದು ಬಿ. ಮಾಲಿನಿ ಮಲ್ಯ ನ್ಯಾಯಾಲಯದ ಮೆಟ್ಟಿಲೇರಿದ್ದರು. ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ 2001ರಲ್ಲಿ ದೆಹಲಿಯಲ್ಲಿ ‘ಅಭಿಮನ್ಯು ವಧೆ’ ಪ್ರದರ್ಶಿಸಿದ್ದು ದಾವೆಗೆ ಕಾರಣ. ಕೆಳ ನ್ಯಾಯಾಲಯಗಳು ತಡೆಯಾಜ್ಞೆ ನೀಡಿದವು. 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹಕ್ಕನ್ನು ಮಾನ್ಯ ಮಾಡಿತಾದರೂ ತಡೆಯಾಜ್ಞೆಯನ್ನು ಸಡಿಲಿಸಿತು. ಶಿಕ್ಷಣ ಸಂಸ್ಥೆಯ ವಿನಾಯಿತಿಯೊಳಗೆ ಬರುವ ಪ್ರದರ್ಶನಕ್ಕೂ, ಹವ್ಯಾಸಿ ಸಂಘದ ವ್ಯಾಖ್ಯೆಗೆ ಒಳಪಟ್ಟು ಹಣ ಪಡೆಯದ ಪ್ರೇಕ್ಷಕರ ಮುಂದೆ ನಡೆಯುವ ಪ್ರದರ್ಶನಕ್ಕೂ ತಡೆ ಅನ್ವಯಿಸದು ಎಂದಿತು.

ಅಂಗಳ ದಾಟಿದ ಮೇಲೆ

ತೊಡಕು ಆರಂಭವಾಗುವುದು ನಾಟಕ ಚೆನ್ನಾಗಿ ಬಂದಾಗ. ಅದೇ ತಂಡ ಸೇಡಂನ ಸ್ಪರ್ಧೆಗೆ, ಅಲ್ಲಿಂದ ಕಲಬುರಗಿಯ ಡಾ. ಎಸ್.ಎಂ. ಪಂಡಿತ ರಂಗಮಂದಿರಕ್ಕೆ ಹೊರಟರೆ ಪ್ರೇಕ್ಷಕರು ಪಾಲಕರಷ್ಟೇ ಆಗಿ ಉಳಿಯುವುದಿಲ್ಲ. ಟಿಕೆಟ್ ಇಟ್ಟರೆ ಪ್ರಶ್ನೆ ಇನ್ನಷ್ಟು ಸ್ಪಷ್ಟ. ಚಿತ್ರೀಕರಿಸಿ ಯೂಟ್ಯೂಬ್‌ಗೆ ಏರಿಸುವುದಂತೂ ಪ್ರದರ್ಶನದ ವಿನಾಯಿತಿಯ ಹೊರಗಿನ ಮಾತು. ಈ ಮೂರೂ ಸಂದರ್ಭಗಳಲ್ಲಿ ಲಿಖಿತ ಅನುಮತಿ ಇರಬೇಕು, ಅದರಲ್ಲಿ ಬದಲಾವಣೆಯ ಉಲ್ಲೇಖವೂ ಇರಬೇಕು. ನಾಟಕವಾಡಲು ದೊರೆತ ಒಪ್ಪಿಗೆ ನಾಟಕ ಬದಲಿಸಲು ದೊರೆತ ಒಪ್ಪಿಗೆಯಲ್ಲ.

ಇದರ ಜೊತೆಗೆ 57ನೇ ಕಲಂ ಇದೆ. ಲೇಖಕರ ಗೌರವಕ್ಕೆ ಅಥವಾ ಹೆಸರಿಗೆ ಕುಂದು ತರುವ ವಿರೂಪವನ್ನು ತಡೆಯುವ ಹಕ್ಕು ಅದು. ಶಾಲಾ ವಿನಾಯಿತಿ ಈ ಹಕ್ಕನ್ನು ಅಳಿಸುವುದಿಲ್ಲ, ಲೇಖಕರ ನಂತರ ವಾರಸುದಾರರೂ ಅದನ್ನು ಚಲಾಯಿಸಬಹುದು. ತುಂಗೆಯನ್ನು ಕಾಗಿಣಾ ಮಾಡಿದರೆ ಯಾರ ಗೌರವಕ್ಕೂ ಕುಂದಿಲ್ಲ. ಜೋಗಿಯನ್ನು ಯಾವುದೋ ಪಕ್ಷದ ಪ್ರಚಾರಕನನ್ನಾಗಿಸಿದರೆ ಮಾತು ಬೇರೆ.

ಸ್ಥಳವೆಂಬುದು ಕೇವಲ ಹಿನ್ನೆಲೆಯ ಪರದೆಯಲ್ಲ ಎಂದು ವಾದಿಸಿದ ಲೇಖಕರೂ ಉಂಟು. 1984ರಲ್ಲಿ ಅಮೆರಿಕದ ಕೇಂಬ್ರಿಜ್‌ನ ರಂಗತಂಡವೊಂದು ಸ್ಯಾಮ್ಯುಯೆಲ್ ಬೆಕೆಟ್‌ರ ‘ಎಂಡ್‌ಗೇಮ್’ ನಾಟಕವನ್ನು ಖಾಲಿ ಕೋಣೆಯಿಂದ ಪಾಳುಬಿದ್ದ ಸುರಂಗ ರೈಲು ನಿಲ್ದಾಣಕ್ಕೆ ಸಾಗಿಸಿತು. ಬೆಕೆಟ್ ಆಕ್ಷೇಪಿಸಿದರು. ಕೊನೆಗೆ ನ್ಯಾಯಾಲಯದ ಹೊರಗೆ ರಾಜಿಯಾಗಿ, ಲೇಖಕರ ಅಸಮ್ಮತಿಯ ಹೇಳಿಕೆಯನ್ನು ಕಾರ್ಯಕ್ರಮ ಪತ್ರಿಕೆಯಲ್ಲಿ ಸೇರಿಸಿ ಪ್ರದರ್ಶನ ನಡೆಯಿತು. ವಿದೇಶಿ ಪರವಾನಗಿ ಸಂಸ್ಥೆಗಳಿಂದ ನಾಟಕ ಪಡೆಯುವ ಇಂಗ್ಲಿಷ್ ಮಾಧ್ಯಮದ ಶಾಲೆಗಳು ಈ ಪ್ರಸಂಗವನ್ನು ನೆನಪಿಡುವುದು ಲೇಸು. ಅಂಥ ಪರವಾನಗಿಗಳಲ್ಲಿ ಮುಂಚಿತ ಲಿಖಿತ ಒಪ್ಪಿಗೆಯಿಲ್ಲದೆ ಪಠ್ಯ ಬದಲಿಸಬಾರದೆಂಬ ಷರತ್ತು ಸಾಮಾನ್ಯ. ಒಮ್ಮೆ ಸಹಿ ಹಾಕಿದ ಮೇಲೆ ಕರಾರೂ ಬಂಧಿಸುತ್ತದೆ.

ಪತ್ರದಲ್ಲಿ ಏನಿರಬೇಕು

ಮೊದಲ ಕೆಲಸ ಹಕ್ಕುದಾರರನ್ನು ಗುರುತಿಸುವುದು. ಲೇಖಕರು ಬದುಕಿದ್ದರೆ ಅವರೇ, ಇಲ್ಲವಾದರೆ ವಾರಸುದಾರರು. ವಿಳಾಸ ಪ್ರಕಾಶಕರಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಅನುವಾದಿತ ನಾಟಕವಾದರೆ ಇಬ್ಬರ ಹಕ್ಕನ್ನೂ ನೋಡಬೇಕಾಗುತ್ತದೆ. ಬ್ರೆಖ್ಟ್ 1956ರಲ್ಲಿ ತೀರಿಕೊಂಡದ್ದರಿಂದ ಮೂಲ ನಾಟಕಗಳು ಭಾರತದಲ್ಲಿ 2017ರಿಂದ ಮುಕ್ತ. ಆದರೆ 2005ರಲ್ಲಿ ನಿಧನರಾದ ಕೆ.ವಿ. ಸುಬ್ಬಣ್ಣ ಮಾಡಿದ ಬ್ರೆಖ್ಟ್ ಅನುವಾದಕ್ಕೆ 2065ರವರೆಗೆ ರಕ್ಷಣೆಯಿದೆ.

‘ಸ್ಥಳೀಯ ಸನ್ನಿವೇಶಕ್ಕೆ ಅಳವಡಿಸಿಕೊಳ್ಳುತ್ತೇವೆ’ ಎಂಬ ಒಂದೇ ಸಾಲಿನ ಪತ್ರಕ್ಕೆ ಒಪ್ಪಿಗೆ ಸಿಕ್ಕರೂ ಪ್ರಯೋಜನ ಕಡಿಮೆ. ಬದಲಾಗುವ ಮಾತುಗಳನ್ನು ಪುಟಸಂಖ್ಯೆಯೊಂದಿಗೆ, ಮೂಲ ಹಾಗೂ ಹೊಸ ರೂಪ ಎರಡನ್ನೂ ಎದುರುಬದುರಾಗಿ ಬರೆದು ಕಳುಹಿಸಬೇಕು. ಏನು ಬದಲಾಗುವುದಿಲ್ಲ ಎಂಬುದನ್ನೂ ಹೇಳಿದರೆ ಹಕ್ಕುದಾರರ ಅರ್ಧ ಅನುಮಾನ ಅಲ್ಲೇ ಕರಗುತ್ತದೆ. ಪ್ರದರ್ಶನಗಳ ಸಂಖ್ಯೆ, ದಿನ, ಸ್ಥಳ, ಟಿಕೆಟ್ ಇದೆಯೇ ಇಲ್ಲವೇ, ಚಿತ್ರೀಕರಣ ಉಂಟೇ ಎಂಬ ವಿವರಗಳು ಅಗತ್ಯ. ಪರವಾನಗಿ ಲಿಖಿತವಾಗಿರಬೇಕೆಂದು 30ನೇ ಕಲಂ ಹೇಳುವುದರಿಂದ ದೂರವಾಣಿಯಲ್ಲಿ ‘ಆಗಲಿ, ಆಡಿ’ ಎಂದದ್ದು ಸಾಲದು. ಅವಧಿ ನಮೂದಿಸದಿದ್ದರೆ ಐದು ವರ್ಷವೆಂದು ಕಾಯ್ದೆ ಭಾವಿಸುತ್ತದೆ. ಹಾಗಾಗಿ ಅವಧಿಯನ್ನೂ ಬರೆಸಿಕೊಳ್ಳುವುದು ಇಬ್ಬರಿಗೂ ಒಳ್ಳೆಯದು.

ಹಕ್ಕಿನ ಗೊಡವೆಯೇ ಬೇಡವೆನ್ನುವವರಿಗೆ 1946ರಲ್ಲಿ ತೀರಿಕೊಂಡ ಟಿ.ಪಿ. ಕೈಲಾಸಂ ಇದ್ದಾರೆ. ಅವರ ನಾಟಕಗಳು 2007ರಿಂದ ಮುಕ್ತ. ಆದರೆ ಅವರ ಹಾಸ್ಯ ಉಸಿರಾಡುವುದೇ ಇಂಗ್ಲಿಷ್ ಬೆರೆತ ಮೈಸೂರು, ಬೆಂಗಳೂರಿನ ಮಾತಿನಲ್ಲಿ. ಅದನ್ನು ತೆಲುಗು, ದಖನಿ ಉರ್ದುವಿನ ನಂಟಿರುವ ಸೇಡಂ ಕನ್ನಡಕ್ಕೆ ತರಲು ಯಾರ ಒಪ್ಪಿಗೆಯೂ ಬೇಡ. ಕಿವಿ ಮಾತ್ರ ಬಲು ಸೂಕ್ಷ್ಮವಾಗಿರಬೇಕು.

ವಾರ್ಷಿಕೋತ್ಸವಗಳು ಬಹುತೇಕ ಡಿಸೆಂಬರ್, ಜನವರಿಯಲ್ಲಿ ನಡೆಯುವುದರಿಂದ ದಸರಾ ರಜೆಗೆ ಮುನ್ನವೇ ಪತ್ರ ಹೊರಟಿರಬೇಕು. ಉತ್ತರ ಬರದಿದ್ದರೆ ಅದನ್ನು ಸಮ್ಮತಿಯೆಂದು ತಿಳಿಯುವಂತಿಲ್ಲ. ಆಗ ನಾಟಕವನ್ನು ಶಾಲೆಯ ಅಂಗಳಕ್ಕೆ ಸೀಮಿತಗೊಳಿಸಿ, ಆಮಂತ್ರಣದಲ್ಲಿ ಮೂಲ ಲೇಖಕರ ಹೆಸರನ್ನೂ ಸ್ಥಳ ಬದಲಿಸಿದ ಸಂಗತಿಯನ್ನೂ ಮುದ್ರಿಸುವುದು ಉಳಿದಿರುವ ದಾರಿ.