ಲಿಲಿತ್: ಬಾಣಂತಿಯ ಕೋಣೆಯಿಂದ ಸ್ತ್ರೀವಾದಿ ಸಂಕಥನದವರೆಗೆ

ಪುರಾಣಗಳಲ್ಲಿ ಬರುವ ಕೇಡಿನ ಹೆಣ್ಣುಗಳು ಆಯಾ ಸಮಾಜದ ಗಂಡಸರು ಹೆಣ್ಣನ್ನು ಕುರಿತು ಇಟ್ಟುಕೊಂಡಿದ್ದ ಭಯದ ದಾಖಲೆಗಳು ಎಂಬ ವಿಚಾರವನ್ನು ಸ್ತ್ರೀವಾದಿ ಚಿಂತನೆ ಹಲವು ದಶಕಗಳ ಹಿಂದೆಯೇ ಮಂಡಿಸಿತು. ಯೆಹೂದಿ ಪರಂಪರೆಯ ಲಿಲಿತ್ ಈ ವಿಚಾರಕ್ಕೆ ಮತ್ತೆ ಮತ್ತೆ ಕೊಡಲಾಗುವ ನಿದರ್ಶನ. ಗಂಡನಿಗೆ ಅಧೀನಳಾಗಲು ಒಪ್ಪದೆ ಮನೆ ಬಿಟ್ಟ ಮೊದಲ ಹೆಂಡತಿಯೊಬ್ಬಳನ್ನು ಪಿಶಾಚಿಯೆಂದು ಹೆಸರಿಸಿ ಹೊರಗಿಡಲಾಯಿತು ಎಂಬುದು ಅವಳನ್ನು ಕುರಿತ ಇಂದಿನ ಜನಪ್ರಿಯ ತಿಳಿವಳಿಕೆ. ಇದು ನಿರಾಧಾರವಾದುದಲ್ಲ, ಆದರೆ ಲಿಲಿತ್ತಳ ಚರಿತ್ರೆಯ ಒಂದು ಪಾರ್ಶ್ವವಷ್ಟೆ. ಗಂಡಸರ ಗ್ರಂಥಗಳಲ್ಲಿ ಅವಳು ಹಟಮಾರಿ ಹೆಂಡತಿಯಾಗುವುದಕ್ಕೆ ಶತಮಾನಗಳ ಮೊದಲೇ ಹೆಂಗಸರ ಹೆರಿಗೆಕೋಣೆಯಲ್ಲಿ ಅವಳು ಹಸುಗೂಸಿನ ಮೃತ್ಯುವಾಗಿದ್ದಳು. ಈ ಎರಡು ಚರಿತ್ರೆಗಳನ್ನು ಜೊತೆಯಲ್ಲಿಟ್ಟು ಓದಿದಾಗ ಮಾತ್ರ ಸ್ತ್ರೀವಾದಕ್ಕೆ ಅವಳಿಂದ ದೊರೆಯುವ ಅರ್ಥ ಪೂರ್ಣವಾಗುತ್ತದೆ.

೧. ಹೆಸರಿನ ಮೂಲ

ಲಿಲಿತ್ ಎಂಬ ಹೆಸರಿನ ಬೇರು ಯೆಹೂದಿ ಧರ್ಮಕ್ಕಿಂತ ಹಳೆಯದು. ಪ್ರಾಚೀನ ಮೆಸೊಪೊಟೇಮಿಯದ ಅಕ್ಕಾಡಿಯನ್ ಬರಹಗಳಲ್ಲಿ ಲಿಲೀತು, ಅರ್ದತ್ ಲಿಲೀ ಎಂಬ ಹೆಣ್ಣು ಪಿಶಾಚಿಗಳ ಉಲ್ಲೇಖಗಳಿವೆ. ಅದೇ ನೆಲದ ಲಮಶ್ತು ಎಂಬವಳು ಆಕಾಶದೇವತೆ ಅನುವಿನ ಮಗಳು. ಗರ್ಭಿಣಿಯರನ್ನೂ ಎಳೆಗೂಸುಗಳನ್ನೂ ಬಲಿ ತೆಗೆದುಕೊಳ್ಳುವವಳು. ಅವಳನ್ನು ಓಡಿಸಲು ಪಜೂಜು ಎಂಬ ಮತ್ತೊಂದು ಉಗ್ರಶಕ್ತಿಯ ಮುಖವುಳ್ಳ ತಾಯಿತಗಳನ್ನು ಬಳಸುತ್ತಿದ್ದರು. ಮುಂದೆ ಲಿಲಿತ್ತಳ ವ್ಯಕ್ತಿತ್ವದಲ್ಲಿ ಈ ಎರಡೂ ಎಳೆಗಳು ಕೂಡಿಕೊಂಡವು.

ಹೀಬ್ರೂ ಬೈಬಲಿನಲ್ಲಿ ಅವಳ ಹೆಸರು ಬರುವುದು ಒಮ್ಮೆ ಮಾತ್ರ. ಯೆಶಾಯನ ಗ್ರಂಥದ ೩೪ನೆಯ ಅಧ್ಯಾಯದಲ್ಲಿ ಎದೋಮ್ ನಾಡು ಹಾಳುಬೀಳುವ ವರ್ಣನೆಯಿದೆ. ಅಲ್ಲಿ ನೆಲೆಸುವ ಕಾಡುಪ್ರಾಣಿಗಳ ಸಾಲಿನಲ್ಲಿ ಲಿಲಿತ್ ಕೂಡ ವಿಶ್ರಾಂತಿಯ ತಾಣವನ್ನು ಕಂಡುಕೊಳ್ಳುತ್ತಾಳೆ. ಅವಳಿಗೆ ಅಲ್ಲಿ ಗಂಡನಿಲ್ಲ, ಕಥೆಯಿಲ್ಲ. ಲ್ಯಾಟಿನ್ ಅನುವಾದಕಾರನು ಈ ಹೆಸರಿನ ಜಾಗದಲ್ಲಿ ಗ್ರೀಕರ ಶಿಶುಭಕ್ಷಕಿ ಲಾಮಿಯಾಳನ್ನು ತಂದನು. ೧೬೧೧ರ ಇಂಗ್ಲಿಷ್ ಬೈಬಲ್ ಅವಳನ್ನು ಗೂಗೆಯಾಗಿಸಿತು. ಮೃತ ಸಮುದ್ರದ ಬಳಿಯ ಕುಮ್ರಾನ್ ಗವಿಗಳಲ್ಲಿ ದೊರೆತ ಹಾಡುಗಳಲ್ಲೊಂದರಲ್ಲಿಯೂ ಹೆದರಿಸಿ ಓಡಿಸಬೇಕಾದ ದುಷ್ಟಶಕ್ತಿಗಳ ನಡುವೆ ಅವಳ ಹೆಸರಿದೆ.

೨. ತಾಲ್ಮುದ್ ಪಂಡಿತರು ಕಂಡ ಲಿಲಿತ್

ಬ್ಯಾಬಿಲೋನಿಯದ ತಾಲ್ಮುದ್ ಗ್ರಂಥದಲ್ಲಿ ಲಿಲಿತ್ತಳ ಪ್ರಸ್ತಾಪಗಳು ಚದುರಿಕೊಂಡಿವೆ. ಮನೆಯಲ್ಲಿ ಒಂಟಿಯಾಗಿ ಮಲಗುವವನನ್ನು ಅವಳು ಹಿಡಿಯುತ್ತಾಳೆ ಎಂದು ಒಂದು ಕಡೆ ಹೇಳಿದೆ. ಹವ್ವಳಿಗೆ ತಟ್ಟಿದ ಶಾಪಗಳನ್ನು ಪಟ್ಟಿಮಾಡುವ ಇನ್ನೊಂದು ಕಡೆ, ಹೆಣ್ಣು ಲಿಲಿತ್ತಳಂತೆ ಕೂದಲನ್ನು ಉದ್ದ ಬಿಡುತ್ತಾಳೆ ಎಂಬ ಮಾತಿದೆ. ಗರ್ಭಪಾತವಾಗಿ ಬಿದ್ದ ಪಿಂಡಕ್ಕೆ ಲಿಲಿತ್ತಳ ಹೋಲಿಕೆಯೂ ರೆಕ್ಕೆಗಳೂ ಇದ್ದರೆ ಅದನ್ನು ಮಗುವೆಂದು ಎಣಿಸಬೇಕೆ ಎಂಬ ಪ್ರಶ್ನೆಯನ್ನೂ ಪಂಡಿತರು ಚರ್ಚಿಸಿದ್ದಾರೆ. ಎಣಿಸಬೇಕು, ತಾಯಿ ಹೆರಿಗೆಯ ಸೂತಕವನ್ನು ಪಾಲಿಸಬೇಕು ಎಂಬುದು ಅವರ ತೀರ್ಮಾನ.

ಅದೇ ತಾಲ್ಮುದ್ ಪರಿಚಯಿಸುವ ಇನ್ನೊಬ್ಬ ಪಿಶಾಚಿ ಅಗ್ರತ್ ಬತ್ ಮಹ್ಲತ್, ಅಂದರೆ ಮಹ್ಲತಳ ಮಗಳು ಅಗ್ರತ್. ವಾರದ ಎರಡು ರಾತ್ರಿಗಳಲ್ಲಿ ಒಂದು ಲಕ್ಷದ ಎಂಬತ್ತು ಸಾವಿರ ಸಂಹಾರದೂತರೊಡನೆ ಅವಳು ಸಂಚರಿಸುವುದರಿಂದ ಆಗ ಒಬ್ಬರೇ ಹೊರಗೆ ಹೋಗಬಾರದೆಂಬ ಎಚ್ಚರಿಕೆಯಿದೆ. ಈ ಯಾವ ಉಲ್ಲೇಖದಲ್ಲೂ ಲಿಲಿತ್ ಆದಾಮನ ಹೆಂಡತಿಯಲ್ಲ ಎಂಬುದನ್ನು ಗಮನಿಸಬೇಕು.

೩. ಮಂತ್ರದ ಬೋಗುಣಿಗಳು

ಪಂಡಿತರ ಗ್ರಂಥದ ಹೊರಗೆ ಜನಸಾಮಾನ್ಯರ ಲಿಲಿತ್ ಹೇಗಿದ್ದಳೆಂಬುದನ್ನು ತಿಳಿಸುವ ಸಾಮಗ್ರಿ ನೆಲದಡಿಯಿಂದ ಬಂದಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಇಂದಿನ ಇರಾಕಿನ ನಿಪ್ಪುರದಲ್ಲಿ ಉತ್ಖನನ ನಡೆಸಿದಾಗ ಒಳಮೈಯಲ್ಲಿ ಸುರುಳಿಯಾಗಿ ಮಂತ್ರ ಬರೆದ ಮಣ್ಣಿನ ಬೋಗುಣಿಗಳು ದೊರೆತವು. ಜೇಮ್ಸ್ ಮಾಂಟ್‌ಗೊಮರಿ ಅವರು ೧೯೧೩ರಲ್ಲಿ ಇವುಗಳ ಪಠ್ಯಗಳನ್ನು ಪ್ರಕಟಿಸಿದರು. ಕ್ರಿ.ಶ. ಐದರಿಂದ ಎಂಟನೆಯ ಶತಮಾನದ ಅವಧಿಗೆ ಸೇರಿದ ಈ ಬೋಗುಣಿಗಳನ್ನು ಮನೆಯ ನೆಲದಲ್ಲಿ, ಹೊಸ್ತಿಲ ಕೆಳಗೆ ಬೋರಲಾಗಿ ಹುಗಿಯುತ್ತಿದ್ದರು. ಕೆಲವುದರ ನಡುವೆ ಸರಪಳಿ ಬಿಗಿದ ಪಿಶಾಚಿಯ ಚಿತ್ರವಿದೆ. ಯಾರ ರಕ್ಷಣೆಗಾಗಿ ಬೋಗುಣಿಯನ್ನು ಬರೆಸಲಾಯಿತೋ ಅವರನ್ನು ಸಾಮಾನ್ಯವಾಗಿ ತಂದೆಯ ಹೆಸರಿನಿಂದಲ್ಲ, ತಾಯಿಯ ಹೆಸರಿನಿಂದ ಗುರುತಿಸಲಾಗಿದೆ.

ಈ ಮಂತ್ರಗಳ ಭಾಷೆಯಲ್ಲೊಂದು ವಿಶೇಷವಿದೆ. ಲಿಲಿತ್ತಳನ್ನು ಹೊರಹಾಕಲು ಹಲವು ಬೋಗುಣಿಗಳು ಯೆಹೂದಿ ಕಾನೂನಿನ ವಿಚ್ಛೇದನ ಪತ್ರದ ಮಾತುಗಳನ್ನೇ ಬಳಸುತ್ತವೆ. ‘ಗೆಟ್’ ಎಂದು ಕರೆಯುವ ಈ ಪತ್ರವನ್ನು ಗಂಡನು ಹೆಂಡತಿಗೆ ಕೊಡಬೇಕು. ಪಿಶಾಚಿಯನ್ನೂ ಮನೆಯೊಳಗೆ ಸೇರಿಕೊಂಡ ಹೆಂಡತಿಯೆಂದು ಭಾವಿಸಿ, ರಬ್ಬಿ ಜೋಶುವಾ ಬರ್ ಪೆರಾಹಿಯಾ ಎಂಬ ಪುರಾತನ ಗುರುವಿನ ಅಧಿಕಾರವನ್ನು ಮುಂದೊಡ್ಡಿ, ಅವಳಿಗೆ ಗೆಟ್ ಬರೆಯಲಾಗುತ್ತದೆ. ಆದರೆ ಮಾಂಟ್‌ಗೊಮರಿ ಪ್ರಕಟಿಸಿದ ಪಠ್ಯಗಳಲ್ಲೊಂದರಲ್ಲಿ ಲಿಲಿತ್ತಳಿಗೆ ವಿಚ್ಛೇದನ ಕೊಡುತ್ತಿರುವವರು ಗಂಡಸಲ್ಲ. ಕೋಮಿಶ್ ಬತ್ ಮಹ್ಲಾಫ್ತಾ ಎಂಬ ಹೆಂಗಸು. ಮರುಭೂಮಿಯ ಲಿಲಿತ್ತಳನ್ನು ತಾನು ತ್ಯಜಿಸಿ ಕಳುಹಿಸಿರುವುದಾಗಿ ಅವಳು ತನ್ನ ಹೆಸರು ಹೇಳಿ ಸಾರುತ್ತಾಳೆ.

ನಿಜಜೀವನದಲ್ಲಿ ತನ್ನ ಗಂಡನಿಗೆ ಇಂತಹ ಪತ್ರವನ್ನು ಕೊಡುವ ಅಧಿಕಾರ ಯೆಹೂದಿ ಕಾನೂನಿನಲ್ಲಿ ಕೋಮಿಶಳಿಗೆ ಇರಲಿಲ್ಲ. ನ್ಯಾಯಪೀಠದಲ್ಲಿ ಇಲ್ಲದ ಹಕ್ಕನ್ನು ಅವಳು ಮಂತ್ರದ ಬೋಗುಣಿಯಲ್ಲಿ ಚಲಾಯಿಸಿದ್ದಾಳೆ.

೪. ಮಗು ಕಳೆದುಕೊಂಡ ತಾಯಿಯ ಕಥೆ

ಅರಮಾಯಿಕ್ ತಾಯಿತಗಳಲ್ಲಿಯೂ ಬೋಗುಣಿಗಳಲ್ಲಿಯೂ ಉಳಿದುಬಂದಿರುವ ಮತ್ತೊಂದು ಕಥೆಯನ್ನು ಜೋಸೆಫ್ ನಾವೆ ಮತ್ತು ಶಾವುಲ್ ಶಾಕೆಡ್ ೧೯೮೫ರ ತಮ್ಮ ಗ್ರಂಥದಲ್ಲಿ ಚರ್ಚಿಸಿದ್ದಾರೆ. ಇದರ ನಾಯಕಿ ಸ್ಮಾಮಿತ್ ಎಂಬ ತಾಯಿ. ಅವಳು ಹೆತ್ತ ಗಂಡುಮಕ್ಕಳನ್ನೆಲ್ಲ ಸಿದೆರೋಸ್ ಎಂಬ ದುಷ್ಟನು ಕೊಲ್ಲುತ್ತಾನೆ. ಅವನಿಂದ ತಪ್ಪಿಸಿಕೊಳ್ಳಲು ಅವಳು ಬೆಟ್ಟಕ್ಕೆ ಓಡಿ ಬಾಗಿಲು ಭದ್ರಪಡಿಸಿಕೊಂಡರೂ, ರಕ್ಷಕರಾಗಿ ಬಂದ ಸ್ವನಿ, ಸ್ವಸ್ವನಿ, ಸ್ನಿಗ್ಲಿ ಎಂಬವರಿಗೆ ಬಾಗಿಲು ತೆರೆದಾಗ ಅವನೂ ಒಳನುಗ್ಗಿ ಮಗುವನ್ನು ಕೊಲ್ಲುತ್ತಾನೆ. ಮೂವರೂ ಅವನನ್ನು ಅಟ್ಟಿಸಿಕೊಂಡು ಹೋಗಿ ಸಮುದ್ರದಲ್ಲಿ ಹಿಡಿಯುತ್ತಾರೆ. ತಮ್ಮ ಹೆಸರುಗಳನ್ನು ಉಚ್ಚರಿಸುವ ಕಡೆ ಕೇಡು ಮಾಡುವುದಿಲ್ಲವೆಂದು ಅವನಿಂದ ಆಣೆ ಮಾಡಿಸುತ್ತಾರೆ.

ಈ ಕಥೆಯಲ್ಲಿ ಶಿಶುಹಂತಕನು ಗಂಡು. ಕಥೆಯ ಕೇಂದ್ರದಲ್ಲಿರುವುದು ಮಕ್ಕಳನ್ನು ಕಳೆದುಕೊಂಡ ತಾಯಿಯ ಸಂಕಟ. ಮುಂದಿನ ಗ್ರಂಥಸ್ಥ ಕಥೆಯಲ್ಲಿ ಈ ಎರಡೂ ಬದಲಾದವು.

೫. ಬೆನ್ ಸಿರಾನ ಕಥೆ

ಲಿಲಿತ್ತಳನ್ನು ಆದಾಮನ ಮೊದಲ ಹೆಂಡತಿಯಾಗಿ ವಿವರವಾಗಿ ನಿರೂಪಿಸುವ ಮೊದಲ ಕೃತಿ ‘ಬೆನ್ ಸಿರಾನ ವರ್ಣಮಾಲೆ’. ಇದರ ಕಾಲವನ್ನು ವಿದ್ವಾಂಸರು ಕ್ರಿ.ಶ. ೮ರಿಂದ ೧೦ನೆಯ ಶತಮಾನದ ನಡುವೆ ಗುರುತಿಸುತ್ತಾರೆ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಗಂಡುಹೆಣ್ಣುಗಳ ಸೃಷ್ಟಿ ಒಟ್ಟಿಗೇ ಆಗುತ್ತದೆ. ಎರಡನೆಯ ಅಧ್ಯಾಯದಲ್ಲಿ ಹೆಣ್ಣು ಗಂಡಿನ ಪಕ್ಕೆಲುಬಿನಿಂದ ಹುಟ್ಟುತ್ತಾಳೆ. ಹವ್ವಳಿಗಿಂತ ಮುಂಚೆ ಮತ್ತೊಬ್ಬ ಹೆಣ್ಣು ಇದ್ದಿರಬಹುದೆಂಬ ಊಹೆಗೆ ಈ ವ್ಯತ್ಯಾಸ ಎಡೆಮಾಡಿಕೊಟ್ಟಿತು.

ಕಥೆಯ ಚೌಕಟ್ಟು ಗಮನಾರ್ಹವಾಗಿದೆ. ರಾಜ ನೆಬೂಕದ್ನೆಚ್ಚರನ ಮಗನಿಗೆ ಕಾಯಿಲೆಯಾದಾಗ ಬೆನ್ ಸಿರಾ ಮೂವರು ದೇವದೂತರ ಹೆಸರುಗಳುಳ್ಳ ತಾಯಿತವನ್ನು ಬರೆಯುತ್ತಾನೆ. ಇವರು ಯಾರೆಂದು ರಾಜನು ಕೇಳಿದ್ದಕ್ಕೆ ಉತ್ತರವಾಗಿ ಲಿಲಿತ್ತಳ ಕಥೆ ಬರುತ್ತದೆ. ಆದಾಮನಂತೆ ಅವಳೂ ಮಣ್ಣಿನಿಂದ ಹುಟ್ಟಿದವಳು. ಕೂಡುವಾಗ ಅವಳು ಕೆಳಗಿರಬೇಕೆಂದು ಅವನೂ, ಇಬ್ಬರೂ ಒಂದೇ ಮಣ್ಣಿನವರಾದ್ದರಿಂದ ತಾನೇಕೆ ಕೆಳಗಿರಬೇಕೆಂದು ಅವಳೂ ವಾದಿಸುತ್ತಾರೆ. ವಾದ ಬಗೆಹರಿಯದೆ ಅವಳು ಉಚ್ಚರಿಸಬಾರದ ದೇವರ ನಾಮವನ್ನು ಉಚ್ಚರಿಸಿ ಆಕಾಶಕ್ಕೆ ಹಾರುತ್ತಾಳೆ. ಸನೋಯ್, ಸನ್ಸನೋಯ್, ಸಮಂಗಲೋಫ್ ಎಂಬ ದೇವದೂತರು ಅವಳನ್ನು ಸಮುದ್ರದಲ್ಲಿ ತಡೆಯುತ್ತಾರೆ. ಅವಳು ಹಿಂದಿರುಗಲು ಒಪ್ಪುವುದಿಲ್ಲ. ದಿನವೂ ತನ್ನ ಮಕ್ಕಳಲ್ಲಿ ನೂರು ಮಂದಿ ಸಾಯುವುದಕ್ಕೆ ಒಪ್ಪುತ್ತಾಳೆ. ಗಂಡು ಕೂಸಿನ ಮೇಲೆ ಎಂಟು ದಿನ, ಹೆಣ್ಣು ಕೂಸಿನ ಮೇಲೆ ಇಪ್ಪತ್ತು ದಿನ ತನಗೆ ಅಧಿಕಾರವಿದೆಯೆಂದೂ, ಈ ಮೂವರ ಹೆಸರು ಕಂಡ ಕಡೆ ಮುಟ್ಟುವುದಿಲ್ಲವೆಂದೂ ಹೇಳುತ್ತಾಳೆ. ಗಂಡು ಕೂಸಿಗೆ ಎಂಟನೆಯ ದಿನ ಸುನ್ನತಿಯಾಗುವುದು ಇಲ್ಲಿ ಸ್ಮರಣೀಯ.

ಸ್ಮಾಮಿತ್ ಕಥೆಯ ಮೂವರು ರಕ್ಷಕರು, ಸಮುದ್ರ, ಆಣೆ ಈ ಎಲ್ಲ ಆಶಯಗಳೂ ಇಲ್ಲಿವೆ. ಅಂದರೆ ತಾಯಿತವೂ ಅದರ ಹೆಸರುಗಳೂ ಮೊದಲೇ ಬಳಕೆಯಲ್ಲಿದ್ದವು. ದಂಪತಿಗಳ ಜಗಳದ ಕಥೆ ಅವುಗಳಿಗೆ ಆಮೇಲೆ ಕೂಡಿಕೊಂಡ ಕಾರಣಕಥೆ. ಈ ಬದಲಾವಣೆಯಲ್ಲಿ ಹಂತಕ ಗಂಡಿನ ಜಾಗಕ್ಕೆ ಹಟದ ಹೆಂಡತಿ ಬಂದಳು. ಮಗು ಕಳೆದುಕೊಂಡ ತಾಯಿ ಕಥೆಯಿಂದಲೇ ಮರೆಯಾದಳು. ‘ವರ್ಣಮಾಲೆ’ ವಿಡಂಬನೆಯ, ಪೋಲಿತನದ ಸ್ವಭಾವವುಳ್ಳ ಕೃತಿಯೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಸಮಾನತೆಯ ವಾದವನ್ನು ಲಿಲಿತ್ತಳ ಬಾಯಲ್ಲಿ ಇರಿಸಿದವರು ಅದನ್ನು ನಗೆಗಾಗಿ ಇರಿಸಿದ್ದಿರಬಹುದು. ಆದರೂ ವಾದವು ಉಳಿಯಿತು.

೬. ಕಬಾಲಾ ಮತ್ತು ನಾಮಾಳ ರೂಪಾಂತರ

ಹದಿಮೂರನೆಯ ಶತಮಾನದ ಸ್ಪೇನಿನ ಅನುಭಾವಿಗಳು ಲಿಲಿತ್ತಳನ್ನು ವಿಶ್ವದ ಕೇಡಿನ ತತ್ತ್ವವಾಗಿಸಿದರು. ಐಸಾಕ್ ಹಾಕೊಹೆನ್ ಅವಳನ್ನು ಸಮಾಯೇಲನೆಂಬ ದುಷ್ಟಾಧಿಪತಿಯ ಜೋಡಿಯಾಗಿ ವರ್ಣಿಸಿದನು. ಆ ಶತಮಾನದ ಕೊನೆಯಲ್ಲಿ ರೂಪುಗೊಂಡ ಜೋಹರ್ ಗ್ರಂಥದಲ್ಲಿ ಲಿಲಿತ್ ಮತ್ತು ನಾಮಾ ಪಿಶಾಚಿಗಳ ತಾಯಂದಿರು.

ಈ ನಾಮಾಳ ಚರಿತ್ರೆ ಬೋಧಪ್ರದವಾದುದು. ಆದಿಕಾಂಡದಲ್ಲಿ ಅವಳು ತೂಬಲ್ ಕಾಯಿನನ ತಂಗಿಯೆಂದು ಹೆಸರಿಸಲ್ಪಟ್ಟವಳಷ್ಟೆ. ಹೆಸರಿನ ಅರ್ಥ ‘ಹಿತವಾದವಳು’. ಆದಿಕಾಂಡದ ಹಳೆಯ ವ್ಯಾಖ್ಯಾನದಲ್ಲಿ ಒಬ್ಬ ಗುರು ಅವಳು ನೋಹನ ಹೆಂಡತಿ, ಅವಳ ನಡತೆ ಹಿತವಾದ್ದರಿಂದ ಆ ಹೆಸರು ಬಂದಿತೆನ್ನುತ್ತಾನೆ. ಉಳಿದವರು ಒಪ್ಪದೆ, ವಿಗ್ರಹಾರಾಧನೆಗಾಗಿ ಇಂಪಾಗಿ ಹಾಡಿದವಳೆನ್ನುತ್ತಾರೆ. ಜೋಹರಿನ ಹೊತ್ತಿಗೆ ಅವಳು ಗಂಡಸರನ್ನು ಕನಸಿನಲ್ಲಿ ಕಾಡುವ ಪಿಶಾಚಿ. ಒಂದೇ ಹೆಸರು ಸಾಧ್ವಿಯೂ ಆಗಬಹುದು, ಪಿಶಾಚಿಯೂ ಆಗಬಹುದು. ಆ ನಿರ್ಣಯ ವ್ಯಾಖ್ಯಾನಕಾರರ ಕೈಯಲ್ಲಿತ್ತು ಮತ್ತು ಆ ವ್ಯಾಖ್ಯಾನಕಾರರು ಗಂಡಸರಾಗಿದ್ದರು.

ಗ್ರಂಥಗಳಲ್ಲಿ ಇಷ್ಟೆಲ್ಲ ನಡೆಯುತ್ತಿದ್ದಾಗ ಹೆರಿಗೆಯ ಮನೆಯಲ್ಲಿ ತಾಯಿತದ ಬಳಕೆ ನಿಲ್ಲಲಿಲ್ಲ. ೧೭೦೧ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮುದ್ರಣವಾದ ‘ರಜಿಯೇಲನ ಗ್ರಂಥ’ವು ಇಂತಹ ತಾಯಿತದ ಮಾದರಿಯನ್ನು ಮನೆಮನೆಗೆ ತಲುಪಿಸಿತು. ಆದಾಮ ಮತ್ತು ಹವ್ವಳನ್ನು ಒಳಗೆ ಕರೆದು ಲಿಲಿತ್ತಳನ್ನು ಹೊರಗಟ್ಟುವ ಬರಹಗಳನ್ನು ಬಾಣಂತಿಯ ಕೋಣೆಯ ಗೋಡೆಗೆ ಅಂಟಿಸುವ ರೂಢಿ ಯುರೋಪಿನಲ್ಲಿಯೂ ಪಶ್ಚಿಮ ಏಷ್ಯಾದಲ್ಲಿಯೂ ಇಪ್ಪತ್ತನೆಯ ಶತಮಾನದವರೆಗೆ ಮುಂದುವರಿಯಿತು.

೭. ಸ್ತ್ರೀವಾದಿ ಮರುಓದು

ಗಯಟೆಯ ‘ಫೌಸ್ಟ್’ ನಾಟಕದಲ್ಲಿಯೂ ೧೮೬೦ರ ದಶಕದ ರೊಸೆಟ್ಟಿಯ ಚಿತ್ರದಲ್ಲಿಯೂ ಲಿಲಿತ್ ಕೂದಲಿನ ಸೊಬಗಿನಿಂದ ಗಂಡನ್ನು ಸೆಳೆದು ಕೆಡಿಸುವ ಮೋಹಿನಿ. ಈ ಚಿತ್ರವನ್ನು ಮುರಿದವರು ಅಮೆರಿಕದ ಯೆಹೂದಿ ಸ್ತ್ರೀವಾದಿಗಳು. ೧೯೭೨ರಲ್ಲಿ ಓಹಾಯೊ ರಾಜ್ಯದ ಗ್ರೇಲ್‌ವಿಲ್‌ನಲ್ಲಿ ಮಹಿಳೆಯರ ಧರ್ಮಚಿಂತನೆಯ ಸಮಾವೇಶವೊಂದು ನಡೆಯಿತು. ಅಲ್ಲಿನ ಚರ್ಚೆಯಿಂದ ಜುಡಿತ್ ಪ್ಲಾಸ್ಕೊ ಅವರ ‘ಲಿಲಿತ್ತಳ ಆಗಮನ’ ಎಂಬ ಕಥೆ ಹುಟ್ಟಿತು. ಅದರಲ್ಲಿ ಲಿಲಿತ್ ಮಕ್ಕಳನ್ನು ಕೊಲ್ಲುವವಳಲ್ಲ. ಅವಳು ಭಯಂಕರ ಪಿಶಾಚಿಯೆಂದು ಆದಾಮನು ಹವ್ವಳಿಗೆ ಹೇಳಿರುತ್ತಾನೆ. ತೋಟದ ಗೋಡೆಯಾಚೆ ಅವಳನ್ನು ಕಂಡ ಹವ್ವ, ಇವಳೂ ತನ್ನಂತಹ ಹೆಣ್ಣೆಂದು ಅರಿತು ಒಂದು ದಿನ ಗೋಡೆ ಹತ್ತಿ ಇಳಿಯುತ್ತಾಳೆ. ಇಬ್ಬರೂ ಮಾತನಾಡುತ್ತಾರೆ, ಕಥೆ ಹೇಳಿಕೊಳ್ಳುತ್ತಾರೆ, ಗೆಳತಿಯರಾಗುತ್ತಾರೆ. ೧೯೭೬ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಯೆಹೂದಿ ಸ್ತ್ರೀವಾದಿ ಪತ್ರಿಕೆ ‘ಲಿಲಿತ್’ ಎಂಬ ಹೆಸರನ್ನೇ ಆರಿಸಿಕೊಂಡಿತು.

ಅದೇ ೧೯೭೨ರಲ್ಲಿ ‘ಎಜ್ರತ್ ನಶೀಮ್’ ಎಂಬ ಮಹಿಳಾ ಗುಂಪು ಅಮೆರಿಕದ ಕನ್ಸರ್ವೇಟಿವ್ ಪಂಥದ ರಬ್ಬಿಗಳ ಮುಂದೆ ತನ್ನ ಬೇಡಿಕೆಗಳನ್ನಿಟ್ಟಿತು. ಪ್ರಾರ್ಥನೆಯ ಕನಿಷ್ಠ ಸಂಖ್ಯೆಯಲ್ಲಿ ಹೆಣ್ಣನ್ನು ಎಣಿಸಬೇಕು, ಸಾಕ್ಷಿಯಾಗಿ ಒಪ್ಪಬೇಕು, ವಿಚ್ಛೇದನಕ್ಕೆ ಅವಳೇ ಮುಂದಾಗಲು ಅವಕಾಶವಿರಬೇಕು ಎಂಬುವು ಅವುಗಳಲ್ಲಿ ಸೇರಿದ್ದವು. ಗಂಡನು ಗೆಟ್ ಕೊಡದಿದ್ದರೆ ಹೆಂಡತಿ ಮರುಮದುವೆಯಾಗುವಂತಿಲ್ಲ; ಅವಳನ್ನು ‘ಅಗುನಾ’, ಕಟ್ಟುಬಿದ್ದವಳು, ಎನ್ನುತ್ತಾರೆ. ಸಂಪ್ರದಾಯನಿಷ್ಠ ಪಂಥದಲ್ಲಿಯೂ, ೧೯೫೩ರ ಕಾನೂನಿನಂತೆ ಯೆಹೂದಿಗಳ ವಿವಾಹ ವಿಚ್ಛೇದನವು ರಬ್ಬಿಗಳ ನ್ಯಾಯಾಲಯಕ್ಕೆ ಒಳಪಟ್ಟಿರುವ ಇಸ್ರೇಲಿನಲ್ಲಿಯೂ ಈ ಸಮಸ್ಯೆ ಇಂದಿಗೂ ಬಗೆಹರಿದಿಲ್ಲ.

ಕಥೆ ಮತ್ತು ಬೇಡಿಕೆ ಒಂದೇ ವರ್ಷದಲ್ಲಿ ಬಂದುದು ಕೇವಲ ಕಾಕತಾಳೀಯವಲ್ಲ. ದೇವರ ನಾಮವನ್ನು ಉಚ್ಚರಿಸಿ ಹಾರಿಹೋಗುವ ಲಿಲಿತ್ತಳಿಗೆ ಯಾರ ಪತ್ರವೂ ಬೇಕಿರಲಿಲ್ಲ. ಗಂಡನ ಪತ್ರವಿಲ್ಲದೆ ಬಿಡುಗಡೆಯಿಲ್ಲದ ಹೆಣ್ಣಿಗೆ ಅವಳು ಆದರ್ಶವಾಗಿ ತೋರಿದ್ದು ಸಹಜ.

೮. ಸಮಾರೋಪ

ಸ್ತ್ರೀವಾದಿ ಮರುಓದು ಲಿಲಿತ್ತಳನ್ನು ಗಂಡಸರ ಭಯದಿಂದ ಬಿಡಿಸಿತು. ಆದರೆ ಹಾಗೆ ಬಿಡಿಸುವಾಗ ಅದು ಆಧರಿಸಿದ್ದು ಮುಖ್ಯವಾಗಿ ಬೆನ್ ಸಿರಾನ ಪಠ್ಯವನ್ನು. ಆ ಪಠ್ಯ ಹೊರಗಿಟ್ಟ ತಾಯಿಯನ್ನು ಹೊಸ ಓದೂ ಒಳಕರೆಯಲಿಲ್ಲ. ಶಿಶುಹತ್ಯೆಯ ಆಪಾದನೆಯನ್ನು ಗಂಡಸರ ಅಪಪ್ರಚಾರವೆಂದು ತಳ್ಳಿಹಾಕಿದರೆ, ಹೊಸ್ತಿಲ ಕೆಳಗೆ ಬೋಗುಣಿ ಹುಗಿದ, ಗೋಡೆಗೆ ತಾಯಿತ ಅಂಟಿಸಿದ ಅಸಂಖ್ಯಾತ ಹೆಂಗಸರ ಭಯ ಅರ್ಥಹೀನವಾಗುತ್ತದೆ. ಆ ಭಯವನ್ನು ಯಾರೂ ಅವರಿಗೆ ಕಲಿಸಬೇಕಾಗಿರಲಿಲ್ಲ. ಹೆತ್ತ ಕೂಸು ಕಾರಣ ತಿಳಿಯದೆ ಸಾಯುವುದನ್ನು ಅವರು ಕಣ್ಣಾರೆ ಕಂಡಿದ್ದರು.

ಜಾನಪದ ಸಾಮಗ್ರಿಯು ಈ ಕೊರತೆಯನ್ನು ತುಂಬಬಲ್ಲದು. ಪ್ಲಾಸ್ಕೊ ಅವರ ಕಥೆಯಲ್ಲಿ ಹವ್ವ ಗೋಡೆ ದಾಟಿ ಲಿಲಿತ್ತಳನ್ನು ಸೇರುತ್ತಾಳೆ. ನಿಪ್ಪುರದ ಬೋಗುಣಿಯಲ್ಲಿ ಕೋಮಿಶ್ ಅದೇ ಲಿಲಿತ್ತಳನ್ನು ಮನೆಯಿಂದ ಹೊರಗೆ ಕಳುಹಿಸುತ್ತಾಳೆ. ಇವು ಮೇಲುನೋಟಕ್ಕೆ ವಿರುದ್ಧವಾದ ಕ್ರಿಯೆಗಳು. ಆದರೆ ಎರಡರಲ್ಲಿಯೂ ಹೆಣ್ಣು, ತನ್ನದಲ್ಲವೆಂದು ಹೇಳಲಾಗಿದ್ದ ಅಧಿಕಾರವೊಂದನ್ನು ಕೈಗೆ ತೆಗೆದುಕೊಂಡಿದ್ದಾಳೆ. ಹಾರಿಹೋದವಳ ಜೊತೆಗೆ, ಕೂಸನ್ನು ಉಳಿಸಿಕೊಳ್ಳಲು ಮನೆಯಲ್ಲೇ ನಿಂತು ತನ್ನ ಹೆಸರಿನಲ್ಲಿ ವಿಚ್ಛೇದನ ಬರೆಸಿದವಳನ್ನೂ ಸ್ತ್ರೀವಾದಿ ಚರಿತ್ರೆ ತನ್ನ ಪೂರ್ವಿಕಳೆಂದು ಒಪ್ಪಿಕೊಳ್ಳಬೇಕಾಗಿದೆ.